ಬಿಚ್ಚದೆ ಉಳಿದ ಹೊಲಿಗೆ

ಕೃಪಾವತಿಗೆ ಮನೆಗೆಲಸದಲ್ಲಿ ಪಾಠ ಹುಡುಕುವ ಅಭ್ಯಾಸ ಹತ್ತಿದ್ದು ತೀರಾ ಆಕಸ್ಮಿಕವಾಗಿ. ೧೯೯೪ರ ಒಂದು ಗುರುವಾರ ಚರ್ಚಿನ ಸ್ತ್ರೀಯರ ಕೂಟಕ್ಕೆ ಬರಬೇಕಾಗಿದ್ದ ಭಾಷಣಕಾರರು ಬರಲಿಲ್ಲ. ಮೂವತ್ತು ಹೆಂಗಸರು ಬೆಂಚುಗಳ ಮೇಲೆ ಕೂತು ಬಾಗಿಲ ಕಡೆ ನೋಡುತ್ತಿದ್ದರು. ಕೂಟದ ಅಧ್ಯಕ್ಷೆಯಾಗಿದ್ದ ಪಾದ್ರಿಗಳ ಹೆಂಡತಿ ಮುಂದಿನ ಸಾಲಿನಲ್ಲಿದ್ದ ಕೃಪಾವತಿಯ ಕಡೆ ಬಗ್ಗಿ, "ಏನಾದ್ರೂ ಎರಡು ಮಾತು ಹೇಳ್ಬುಡಿ. ನೀವು ಟೀಚರ್ ಆಗಿದ್ದೋರು" ಅಂದರು.

ಹೇಳಲು ಕೃಪಾವತಿಯ ಹತ್ತಿರ ಏನೂ ಇರಲಿಲ್ಲ. ಬೆಳಿಗ್ಗೆ ಒಂದು ಗಂಟೆ ಅಕ್ಕಿ ಆರಿಸಿದ್ದು ಮಾತ್ರ ನೆನಪಿಗೆ ಬಂತು. ಎದ್ದು ನಿಂತು ಅದನ್ನೇ ಹೇಳಿದಳು. ಕಪ್ಪು ಕಲ್ಲು ತಕ್ಷಣ ಕಣ್ಣಿಗೆ ಬೀಳುತ್ತದೆ, ಬಿಳಿ ಕಲ್ಲು ಅಕ್ಕಿಯ ಬಣ್ಣದ್ದೇ ಆದ್ದರಿಂದ ತಪ್ಪಿಸಿಕೊಂಡು ಹಲ್ಲಿಗೆ ಸಿಗುತ್ತದೆ. ನಮ್ಮ ಮನಸ್ಸಿನಲ್ಲೂ ಒಳ್ಳೆಯತನದ ಹಾಗೇ ಕಾಣುವ ಕೆಟ್ಟತನ ಇರುತ್ತದೆ, ಅದನ್ನು ದಿನಾ ದೇವರ ಬೆಳಕಿಗೆ ಹಿಡಿದು ಆರಿಸಬೇಕು ಎಂದಳು. ಹೆಂಗಸರು ತಲೆದೂಗಿದರು. ಕೂಟ ಮುಗಿದ ಮೇಲೆ ನಾಲ್ಕೈದು ಜನ ಬಂದು ಕೈ ಹಿಡಿದುಕೊಂಡು, ಇಷ್ಟು ಸುಲಭವಾಗಿ ನಮಗೆ ಯಾರೂ ಹೇಳಿರಲಿಲ್ಲ ಎಂದರು.

ಅಲ್ಲಿಂದ ಮುಂದೆ ಪ್ರತಿ ಗುರುವಾರ ಕೊನೆಯ ಐದು ನಿಮಿಷ ಅವಳದಾಯಿತು. ಹಿತ್ತಾಳೆ ಚೊಂಬಿಗೆ ಹುಣಿಸೆಹಣ್ಣು ತಿಕ್ಕಿದ್ದು, ಉಪ್ಪಿನಕಾಯಿ ಜಾಡಿಗೆ ಬೂಷ್ಟು ಹಿಡಿದಿದ್ದು, ಕೊಳಾಯಿಗೆ ಹೊಸ ವಾಷರ್ ಹಾಕಿಸಿದ್ದು, ಎಲ್ಲದರಲ್ಲೂ ಏನಾದರೊಂದು ಸಿಕ್ಕಿತು. ಮೈಸೂರಿನ ಲಕ್ಷ್ಮೀಪುರಂನ ಅವರ ಮನೆಯಲ್ಲಿ ಗಂಡ ಸತ್ಯಾನಂದನಿಗೆ ಇದೊಂದು ತಮಾಷೆ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿ ಪೇಪರ್ ಹಿಡಿದು ಕೂತಿರುತ್ತಿದ್ದ ಅವನು, ಬುಧವಾರ ಬಂತೆಂದರೆ, "ಏನು ಸಿಕ್ತೇ ಈ ವಾರ?" ಎಂದು ಕೇಳುತ್ತಿದ್ದ.

ಒಂದೊಂದು ಸಲ ಕೃಪಾವತಿಗೆ ಗೊಂದಲವಾಗುತ್ತಿತ್ತು. ಒಂದು ದಿನ ಹಾಲು ಉಕ್ಕಿ ಚೆಲ್ಲಿತು. ಎಚ್ಚರ ತಪ್ಪಬಾರದು ಎಂದು ಅದನ್ನು ಹೇಳಬಹುದಿತ್ತು. ತುಂಬಿದ ಹೃದಯ ತನ್ನಷ್ಟಕ್ಕೇ ಉಕ್ಕಿ ಹರಿಯಬೇಕು ಎಂದೂ ಹೇಳಬಹುದಿತ್ತು. ಒಂದೇ ಹಾಲಿನಿಂದ ಎರಡು ದಿಕ್ಕಿನ ಪಾಠ ಬರುವುದಾದರೆ ಪಾಠ ಇರುವುದು ಹಾಲಿನಲ್ಲೋ ತನ್ನ ಬಾಯಲ್ಲೋ ಎಂದು ಒಲೆ ಒರೆಸುತ್ತಾ ಯೋಚಿಸಿದ್ದಳು. ಆದರೆ ಗುರುವಾರ ಬಂದಿತ್ತು. ಎಚ್ಚರದ ಪಾಠವನ್ನೇ ಹೇಳಿದಳು.

೧೯೯೯ರ ಆಗಸ್ಟಿನಲ್ಲಿ ಅವಳು ಮಲಗುವ ಕೋಣೆಯ ಕಿಟಕಿಗೆ ಕರ್ಟನ್ ಹೊಲಿದಳು. ದೇವರಾಜ ಅರಸು ರಸ್ತೆಯಿಂದ ತಂದ ಹಸಿರು ಎಲೆಯ ಬಟ್ಟೆ. ಅಗಲ ಸಾಲದೆ ಎರಡು ತುಂಡು ಜೋಡಿಸಬೇಕಾಯಿತು. ಉದ್ದಕ್ಕೂ ಎರಡೆರಡು ಸಾಲು ಹೊಲಿಗೆ ಓಡಿಸಿ, ಅಂಚು ಮಡಿಸಿ, ಎತ್ತಿ ಹಿಡಿದಾಗ ಒಂದು ತುಂಡಿನ ಒಳಮೈ ಹೊರಗೆ ಬಂದಿರುವುದು ಕಂಡಿತು. ಒಂದು ಕಡೆ ಎಲೆಗಳು ಕಡುಹಸಿರು, ಇನ್ನೊಂದು ಕಡೆ ತೊಳೆದು ತೊಳೆದು ಸವೆದ ಹಾಗೆ ಪೇಲವ. ಬಿಚ್ಚಬೇಕು ಎಂದುಕೊಂಡಳು. ಬ್ಲೇಡು ಹುಡುಕುವಾಗಲೇ ಆ ವಾರದ ಮಾತು ಹೊಳೆಯಿತು.

"ತಪ್ಪು ಹೊಲಿಗೆ ಮೇಲೆ ಹೊಸ ಹೊಲಿಗೆ ಹಾಕಿದ್ರೆ ತಪ್ಪು ಹೋಗಲ್ಲ" ಎಂದು ಆ ಗುರುವಾರ ಕೂಟದಲ್ಲಿ ಹೇಳಿದಳು. "ಶುರು ಎಲ್ಲಿ ತಪ್ಪಿತ್ತೋ ಅಲ್ಲಿಗಂಟ ಬಿಚ್ಚಬೇಕು. ನಾನೂ ಮೊನ್ನೆ ಕೂತ್ಕೊಂಡು ಪೂರ್ತಿ ಬಿಚ್ಚಿದೆ. ಬೇಜಾರಾಯ್ತು. ಆದ್ರೆ ಕರ್ತರ ಮುಂದೆ ನಮ್ಮ ಬದುಕೂ ಹಂಗೇ. ಮುಚ್ಚಿಟ್ಟಿದ್ದನ್ನ ಬಿಚ್ಚಿದ ಮೇಲೇನೇ ಅವರು ನೆಟ್ಟಗೆ ಹೊಲಿಯೋದು."

ಹೇಳುವಾಗ ಕರ್ಟನ್ನು ಹೊಲಿದ ಹಾಗೆಯೇ ಮೆಷಿನ್ನಿನ ಮೇಲೆ ಬಿದ್ದಿತ್ತು. ಮನೆಗೆ ಹೋದ ತಕ್ಷಣ ಬಿಚ್ಚುತ್ತೇನಲ್ಲ, ಎರಡು ಗಂಟೆ ಮುಂಚೆ ಹೇಳಿದರೆ ಸುಳ್ಳಾಗುತ್ತದೆಯೇ ಎಂದು ಅವಳಿಗೆ ಅನ್ನಿಸಿತ್ತು.

ಕೂಟ ಚದುರುವಾಗ ರಮಾಮಣಿ ಹತ್ತಿರ ಬಂದಳು. ಸರಸ್ವತಿಪುರಂನಿಂದ ನಡೆದೇ ಬರುತ್ತಿದ್ದ ವಿಧವೆ, ಕೊನೆಯ ಬೆಂಚಿನಲ್ಲಿ ಕೂರುವವಳು, ಬಂದವರಿಗೆಲ್ಲ ಕಾಫಿ ಕೊಟ್ಟು ಲೋಟ ತೊಳೆದಿಟ್ಟು ಹೋಗುವವಳು. ಅವಳು ತಾನಾಗಿ ಮಾತಾಡಿದ್ದನ್ನು ಕೃಪಾವತಿ ಕೇಳಿದ್ದೇ ಕಡಿಮೆ.

"ಬಿಚ್ಚುವಾಗ ಬಟ್ಟೆ ಹರೀಲಿಲ್ವಾ?" ಎಂದು ರಮಾಮಣಿ ಕೇಳಿದಳು.

"ಇಲ್ಲ ಕಣ್ರೀ. ನಿಧಾನಕ್ಕೆ ಬಿಚ್ಚಿದ್ರೆ ಏನೂ ಹರಿಯಲ್ಲ" ಎಂದಳು ಕೃಪಾವತಿ.

ರಮಾಮಣಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಲೋಟಗಳನ್ನು ಎತ್ತಿಕೊಂಡು ಹೋದಳು. ಕೃಪಾವತಿ ಮನೆಗೆ ಬಂದಾಗ ನೆಂಟರು ಬಂದಿದ್ದರು. ಮಾರನೆಯ ದಿನ ಇನ್ನೇನೋ ಕೆಲಸ. ಶನಿವಾರ ಕರ್ಟನ್ನನ್ನು ಹಾಗೇ ಕಿಟಕಿಗೆ ಹಾಕಿ, ಪೇಲವ ಅರ್ಧ ಬೀರುವಿನ ಹಿಂದೆ ಹೋಗುವಂತೆ ಎಳೆದುಬಿಟ್ಟಳು. ಯಾರಿಗೂ ಕಾಣುತ್ತಿರಲಿಲ್ಲ.

ಆ ಗುರುವಾರವಾಗಿ ಹತ್ತು ದಿನದ ಮೇಲೆ, ಇನ್ನೂ ಬೆಳಗಿನ ತಿಂಡಿ ಆಗಿರಲಿಲ್ಲ, ರಮಾಮಣಿಯ ಮಗಳು ಅನುಪಮಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಬ್ಯಾಗು. ಹೆಬ್ಬಾಳದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಇಪ್ಪತ್ಮೂರು ವರ್ಷದ ಹುಡುಗಿ. ಡಿಸೆಂಬರಿನಲ್ಲಿ ಮದುವೆ ಗೊತ್ತಾಗಿತ್ತು.

"ಆಂಟಿ, ನಮ್ಮಮ್ಮಂಗೆ ನೀವು ಏನು ಹೇಳಿದ್ರಿ?" ಎಂದಳು, ಒಳಗೆ ಬರುವ ಮುಂಚೆಯೇ.

ಕೃಪಾವತಿ ಅವಳನ್ನು ಒಳಗೆ ಕರೆದು ಕೂರಿಸಿದಳು. ಸತ್ಯಾನಂದ ಪೇಪರ್ ಮಡಿಸಿಕೊಂಡು ಎದ್ದು ಹಿತ್ತಲಿಗೆ ಹೋದ. ಅನುಪಮಾ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸದೆಯೇ ಹೇಳಿದಳು. ಹಿಂದಿನ ದಿನ ಊಟವಾದ ಮೇಲೆ ಅಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನನ್ನು ಹೆತ್ತವಳು ನಾನಲ್ಲ, ಶೀಲಾ ಎಂದಿದ್ದಳು. ಶೀಲಾ ಎಂದರೆ ರಮಾಮಣಿಯ ತಂಗಿ, ತುಮಕೂರಿನಲ್ಲಿ ನರ್ಸು. ಮದುವೆಗೆ ಮುಂಚೆ, ಅವಳಿಗೆ ಇಪ್ಪತ್ತು ವರ್ಷವಿದ್ದಾಗ, ಮಗುವಾಗಿತ್ತು. ಮದುವೆಯಾಗುತ್ತೇನೆಂದವನು ಕೈಕೊಟ್ಟಿದ್ದ. ಎಂಟು ವರ್ಷದಿಂದ ಮಕ್ಕಳಿಲ್ಲದೆ ಇದ್ದ ಅಕ್ಕ ಭಾವ ಆ ಮಗುವನ್ನು ತಮ್ಮದೆಂದು ಮೈಸೂರಿಗೆ ತಂದರು. ಶೀಲಾ ಆಮೇಲೆ ಬೇರೆಯವರನ್ನು ಮದುವೆಯಾದಳು. ಅವಳ ಗಂಡನಿಗೆ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳಿಗೆ ಇದು ಯಾವುದೂ ಗೊತ್ತಿಲ್ಲ.

"ಚಿಕ್ಕಮ್ಮ ಪ್ರತಿ ಕ್ರಿಸ್ಮಸ್‌ಗೆ ನನಗೆ ಬಟ್ಟೆ ತರ್ತಾರೆ" ಎಂದಳು ಅನುಪಮಾ. "ಅವ್ರ ಮಕ್ಕಳದಕ್ಕಿಂತ ನಂದೇ ಚೆನ್ನಾಗಿರುತ್ತೆ. ಪಾಪ, ಅವ್ರಿಗೆ ಹೆಣ್ಮಕ್ಕಳಿಲ್ಲ ಅದಕ್ಕೆ ಅಂದ್ಕೊಂಡಿದ್ದೆ." ಆಮೇಲೆ ಕೇಳಿದಳು. "ನಮ್ಮಮ್ಮ ನಂಗೆ ದೊಡ್ಡಮ್ಮ ಆಗ್ಬೇಕಲ್ವಾ ಆಂಟಿ? ಇನ್ಮೇಲೆ ಹಂಗೇ ಕರೀಬೇಕಾ?"

"ಹಂಗೆಲ್ಲ ಮಾತಾಡ್ಬೇಡಮ್ಮ."

"ಕೃಪಾವತಿಯವರು ಹೇಳಿದ್ರು, ತಪ್ಪು ಹೊಲಿಗೆ ಮೇಲೆ ಹೊಸ ಹೊಲಿಗೆ ಹಾಕ್ಬಾರ್ದಂತೆ, ನಿನ್ನ ಮದುವೆಗೆ ಮುಂಚೆ ಬಿಚ್ಬುಡೋಣ, ಅಂದ್ರು ಅಮ್ಮ. ನಿಮಗೆ ನಮ್ಮ ವಿಷಯ ಗೊತ್ತಿತ್ತಾ? ಅವ್ರನ್ನ ನೋಡ್ಕೊಂಡೇ ಹೇಳಿದ್ರಾ?"

"ಇಲ್ಲ ಕಣಮ್ಮ, ದೇವರಾಣೆ. ನಾನು ಕರ್ಟನ್ ವಿಷಯ ಹೇಳಿದ್ದು."

"ಕರ್ಟನ್‌ಗೂ ನಂಗೂ ಏನು ಸಂಬಂಧ?"

ಐದು ವರ್ಷದಿಂದ ಅಕ್ಕಿಗೂ ಆತ್ಮಕ್ಕೂ, ಚೊಂಬಿಗೂ ಪಶ್ಚಾತ್ತಾಪಕ್ಕೂ ಸಂಬಂಧ ಹೇಳುತ್ತಾ ಬಂದ ಕೃಪಾವತಿ "ತಿಂಡಿ ತಿನ್ನು" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಅನುಪಮಾ ನಾಲ್ಕು ದಿನ ಅಲ್ಲೇ ಉಳಿದಳು. ರಮಾಮಣಿಯ ಪಕ್ಕದ ಮನೆಯ ಫೋನಿಗೆ ಕರೆ ಮಾಡಿ ಅವಳಿಗೆ ತಿಳಿಸಿದ್ದು ಸತ್ಯಾನಂದ. ಹುಡುಗಿ ಬೆಳಿಗ್ಗೆ ಹೆಬ್ಬಾಳದ ಬಸ್ಸು ಹಿಡಿದು ಹೋಗಿ, ಸಂಜೆ ಬಂದು ಕೇಳದೆಯೇ ಪಾತ್ರೆ ತೊಳೆಯುತ್ತಿದ್ದಳು. ಕೃಪಾವತಿಗೆ ಪಕ್ಕದಲ್ಲಿ ನಿಂತು ಒಂದು ಮಾತು ಸಮಾಧಾನ ಹೇಳಬೇಕೆನ್ನಿಸುತ್ತಿತ್ತು. ಆದರೆ ಯಾವ ಸಮಾಧಾನ ಹೇಳಹೊರಟರೂ ಅದು ಪಾಠದ ಹಾಗೇ ಕೇಳಿಸುತ್ತಿತ್ತು. ಸುಮ್ಮನೆ ತೊಳೆದ ಪಾತ್ರೆ ಒರೆಸಿ ಜೋಡಿಸಿದಳು.

ಮೂರನೆಯ ದಿನ ಸಂಜೆ ಬೀರುವಿನಿಂದ ಹೊದಿಕೆ ತರಲು ಹೋದ ಅನುಪಮಾ ತಿರುಗಿ ಬರಲಿಲ್ಲ. ಕೃಪಾವತಿ ಹೋಗಿ ನೋಡಿದರೆ, ಅವಳು ಬೀರುವಿನ ಹಿಂದಿನಿಂದ ಕರ್ಟನ್ನಿನ ಅಂಚು ಎಳೆದು ಹಿಡಿದುಕೊಂಡು ನಿಂತಿದ್ದಳು.

"ಇದೇನಾ ಆಂಟಿ?"

"ಹೂಂ."

"ಬಿಚ್ಚೇ ಇಲ್ವಲ್ಲ ಇದನ್ನ."

ಬಿಚ್ಚಬೇಕೆಂದಿದ್ದೆ, ಆಗಲಿಲ್ಲ ಎಂದಳು ಕೃಪಾವತಿ. ಬಿಚ್ಚಿದೆ ಎಂದು ಹೇಳಿದ್ದು ಸುಳ್ಳು ಎಂದೂ ಹೇಳಿದಳು. ಅನುಪಮಾ ಮಂಚದ ತುದಿಯಲ್ಲಿ ಕೂತಳು. ನಗು ಬಂತೋ ಅಳು ಬಂತೋ ಅವಳ ಮುಖ ನೋಡಿ ತಿಳಿಯುವಂತಿರಲಿಲ್ಲ.

"ಹಂಗಾದ್ರೆ ಅಮ್ಮ ಏನನ್ನ ನಂಬ್ಕೊಂಡು ಹೇಳಿದ್ರು?"

ಕೃಪಾವತಿ ಮೇಜಿನ ಸೆಳೆಖಾನೆ ಎಳೆದು ಬ್ಲೇಡು ಹುಡುಕಿದಳು. ಈಗಲಾದರೂ ಬಿಚ್ಚಿಬಿಡಬೇಕು ಎನ್ನಿಸಿತ್ತು.

"ಬೇಡ ಬುಡಿ ಆಂಟಿ. ಈಗ ಬಿಚ್ಚಿದ್ರೆ ಅದೂ ಇನ್ನೊಂದು ಪಾಠ ಆಗುತ್ತೆ" ಎಂದಳು ಹುಡುಗಿ. ಕೃಪಾವತಿ ಸೆಳೆಖಾನೆ ಮುಚ್ಚಿದಳು.

ಮಾರನೆಯ ದಿನ ಅನುಪಮಾ ಕೆಲಸಕ್ಕೆ ಹೋದ ಮೇಲೆ ಅವಳು ಸರಸ್ವತಿಪುರಂಗೆ ಹೋದಳು. ರಮಾಮಣಿ ಬಾವಿಕಟ್ಟೆಯ ಹತ್ತಿರ ಮಗಳ ಚೂಡಿದಾರ್ ಒಗೆಯುತ್ತಿದ್ದಳು. ಕೃಪಾವತಿಯನ್ನು ನೋಡಿ ಎದ್ದು, ಕೈ ಒರೆಸಿಕೊಂಡು, "ಊಟ ಮಾಡ್ತಾ ಇದಾಳಾ?" ಎಂದು ಕೇಳಿದಳು.

"ಮಾಡ್ತಾಳೆ. ಚಪಾತಿ ಅಂದ್ರೆ ಎರಡು ಜಾಸ್ತಿ ತಿಂತಾಳೆ."

"ಹೂಂ. ಅವಳಿಗೆ ಅದು ಇಷ್ಟ."

ಇಬ್ಬರೂ ಕಲ್ಲಿನ ಮೇಲೆ ಕೂತರು. ಕೃಪಾವತಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ನೇರವಾಗಿ ಹೇಳಿದಳು. "ರಮಾಮಣಿಯವರೇ, ನಾನು ಆ ಕರ್ಟನ್ ಬಿಚ್ಚಲೇ ಇಲ್ಲ. ಕೂಟದಲ್ಲಿ ಹೇಳೋಕೆ ಚೆನ್ನಾಗಿತ್ತು, ಹೇಳ್ಬುಟ್ಟೆ."

ರಮಾಮಣಿ ಬಕೆಟ್ಟಿನ ನೊರೆಯನ್ನೇ ನೋಡುತ್ತಿದ್ದಳು. "ಹಂಗಾದ್ರೆ ಬಟ್ಟೆ ಹರಿಯುತ್ತೋ ಇಲ್ವೋ ನಿಮಗೆ ಗೊತ್ತಿಲ್ಲ" ಎಂದಳು.

"ಗೊತ್ತಿಲ್ಲ."

"ಅವತ್ತು ಗೊತ್ತಿಲ್ಲ ಅಂದಿದ್ರೆ ನಾನು ಹೇಳ್ತಾ ಇರ್ಲಿಲ್ವೇನೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಕೃಪಾವತಿಗೆ ತಡೆದುಕೊಳ್ಳಲಾಗಲಿಲ್ಲ. "ಇಪ್ಪತ್ಮೂರು ವರ್ಷದಿಂದ ಯಾರಾದ್ರೂ ಹೇಳು ಅಂತ ಹೇಳ್ಲಿ ಅಂತ ಕಾಯ್ತಾ ಇದ್ದೆ. ಯಾರಿಗೂ ಗೊತ್ತಿಲ್ಲ, ಇನ್ಯಾರು ಹೇಳ್ತಾರೆ? ನೀವು ಹೇಳಿದಾಗ ದೇವರೇ ನಿಮ್ಮ ಕೈಲಿ ಹೇಳಿಸಿದ್ರು ಅಂದ್ಕೊಂಡೆ. ಶೀಲಂಗೆ ಒಂದು ಮಾತು ಕೇಳ್ಲಿಲ್ಲ. ಅದು ಅವಳ ಗುಟ್ಟೂ ಅಲ್ವಾ. ಈಗ ಅನ್ನಿಸ್ತಾ ಇದೆ."

"ಈಗಲೂ ಹಂಗೇ ಅನ್ಸುತ್ತಾ? ದೇವರು ಹೇಳಿಸಿದ್ದು ಅಂತ?"

"ಏನೋಪ್ಪ" ಎಂದಳು ರಮಾಮಣಿ. "ನೀವು ಸುಳ್ಳು ಹೇಳಿದ್ರೂ ನಾನು ಹೇಳಿದ್ದು ನಿಜವೇ ತಾನೇ." ಎದ್ದು ಚೂಡಿದಾರನ್ನು ಹಿಂಡಿ ಕೊಡವಿ, ತಂತಿಯ ಮೇಲೆ ಹರಡಿದಳು. "ಇದನ್ನ ಒಣಗಿದ ಮೇಲೆ ತಗೊಂಡು ಹೋಗ್ತೀರಾ? ನೀಲಿದು ಅವಳಿಗೆ ಆಫೀಸಿಗೆ ಬೇಕಾಗುತ್ತೆ."

ಬಟ್ಟೆ ಒಣಗಿ, ರಮಾಮಣಿ ಇಸ್ತ್ರಿ ಮಾಡಿ ಕೊಡುವವರೆಗೆ ಕೃಪಾವತಿ ಅಲ್ಲೇ ಕೂತಿದ್ದಳು.

ನೀಲಿ ಚೂಡಿದಾರನ್ನು ಕೈಗೆ ಕೊಟ್ಟಾಗ ಅನುಪಮಾ ಅದನ್ನು ತಿರುಗಿಸಿ ನೋಡಿದಳು. ಇಸ್ತ್ರಿಯ ಮಡಿಕೆ ಅಮ್ಮನದು. ಮಾರನೆಯ ಬೆಳಿಗ್ಗೆ ಅದನ್ನೇ ಹಾಕಿಕೊಂಡು, ಬ್ಯಾಗು ತೆಗೆದುಕೊಂಡು, "ಸಂಜೆ ಸೀದಾ ಮನೆಗೆ ಹೋಗ್ತೀನಿ ಆಂಟಿ" ಎಂದಳು. ಮನಸ್ಸು ಸರಿಹೋಯಿತೇ ಎಂದು ಕೃಪಾವತಿ ಕೇಳಿದ್ದಕ್ಕೆ, "ಇಲ್ಲ. ಇಲ್ಲಿದ್ರೂ ಸರಿಹೋಗಲ್ಲ, ಅಲ್ಲೇ ಇರ್ತೀನಿ" ಎಂದಳು.

ಅಂದು ಗುರುವಾರ. ಕೂಟದ ಕೊನೆಗೆ ಅಧ್ಯಕ್ಷೆ ಎಂದಿನಂತೆ ಇವಳ ಕಡೆ ನೋಡಿದರು. ಕೃಪಾವತಿ ಎದ್ದು ನಿಂತಳು. ರಮಾಮಣಿ ಬಂದಿರಲಿಲ್ಲ.

"ಎರಡು ವಾರದ ಹಿಂದೆ ಕರ್ಟನ್ ಬಿಚ್ಚಿದೆ ಅಂತ ಹೇಳಿದ್ನಲ್ಲ, ಬಿಚ್ಚಿರ್ಲಿಲ್ಲ" ಎಂದಳು. "ಸುಳ್ಳು ಹೇಳಿದೆ. ಬಿಚ್ಚಿದ್ರೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ಲ. ಇವತ್ತು ಇಷ್ಟೇ. ಪಾಠ ಏನೂ ಇಲ್ಲ."

ಕೂತಳು. ಆಮೇಲೆ ಎರಡನೇ ಸಾಲಿನಿಂದ ಯಾರೋ ಮೆಲ್ಲಗೆ ದೇವರಿಗೆ ಸ್ತೋತ್ರ ಎಂದರು. ಅಧ್ಯಕ್ಷೆಯ ಕಣ್ಣು ತುಂಬಿತ್ತು. ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುವ ಇಂಥ ದೀನತೆಯೇ ನಮಗೆಲ್ಲ ದೊಡ್ಡ ಪಾಠ ಎಂದು ಅವರು ಪ್ರಾರ್ಥನೆಯಲ್ಲಿ ಸೇರಿಸಿದರು. ಹೊರಗೆ ಬಂದ ಮೇಲೆ ಒಬ್ಬಾಕೆ ಕೈ ಹಿಡಿದು, "ಇಷ್ಟು ದಿನದಲ್ಲಿ ಇದೇ ಚೆನ್ನಾಗಿತ್ತು ಕಣಮ್ಮ" ಎಂದಳು. ಕೃಪಾವತಿ ಬಗ್ಗಿ ತನ್ನ ಚಪ್ಪಲಿ ಹುಡುಕಿದಳು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ, "ಪಾಠ ಇಲ್ಲ ಅಂದ್ರೂ ಬಿಡಲಿಲ್ಲವಾ?" ಎಂದು ಕೇಳಿ ಸತ್ಯಾನಂದ ನಕ್ಕ. ಅವಳು ನಗದಿದ್ದುದನ್ನು ನೋಡಿ ತಾನೇ ಎದ್ದು ಹೋಗಿ ಕಾಫಿ ಮಾಡಿದ. ಮುಂದಿನ ವಾರದಿಂದ ಅವಳು ಮಾತಾಡಲು ಒಪ್ಪಲಿಲ್ಲ. ಆದರೂ ತೆಂಗಿನಕಾಯಿ ತುರಿಯುವಾಗ, ಹಂಚಿಗೆ ಎಣ್ಣೆ ಸವರುವಾಗ ತಲೆಯೊಳಗೆ ಒಂದೊಂದು ವಾಕ್ಯ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ತಡೆಯಬೇಕೋ ಬಿಡಬೇಕೋ ಗೊತ್ತಾಗದೆ ಒಮ್ಮೊಮ್ಮೆ ಕೆಲಸವನ್ನೇ ನಿಲ್ಲಿಸಿ ನಿಲ್ಲುತ್ತಿದ್ದಳು.

ಅನುಪಮಾ ಮದುವೆಯಾಗಬೇಕಿದ್ದ ಹುಡುಗನಿಗೆ ತಾನೇ ಎಲ್ಲವನ್ನೂ ಹೇಳಿದಳು. ಅವನು ಅದೇನು ದೊಡ್ಡ ವಿಷಯ ಎಂದನಂತೆ. ಅವನ ತಾಯಿ ಮಾತ್ರ ಒಂದು ತಿಂಗಳು ಅವರ ಮನೆ ಕಡೆ ಬರಲಿಲ್ಲ. ಆಮೇಲೆ ಒಂದು ಭಾನುವಾರ ಆಕೆಯೇ ಬಂದು, ಸೀರೆ ಆರಿಸಲು ಹೋಗೋಣ ಎಂದರು. ರಮಾಮಣಿ ತಂಗಿಗೆ ಕಾಗದ ಬರೆದಿದ್ದಳು. ಮೂರು ತಿಂಗಳು ತುಮಕೂರಿನಿಂದ ಉತ್ತರವಿರಲಿಲ್ಲ.

ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ತಕರಾರಿದ್ದವರು ತಿಳಿಸಬೇಕು ಎಂದು. ಮೊದಲನೆಯ ಪ್ರಕಟಣೆಯ ದಿನ, ಆರಾಧನೆ ಶುರುವಾದ ಮೇಲೆ ಒಬ್ಬ ಹೆಂಗಸು ಒಳಗೆ ಬಂದು ಕೃಪಾವತಿಯ ಪಕ್ಕದಲ್ಲಿ ಕೂತಳು. ಅನುಪಮಾಳದೇ ಹಣೆ, ಅದೇ ಗಲ್ಲ. ಯಾರೆಂದು ಕೇಳಬೇಕಾಗಿರಲಿಲ್ಲ.

ಪಾದ್ರಿಗಳು ಓದಿದರು. ದಿವಂಗತ ದೇವಪ್ರಸಾದ್ ಮತ್ತು ರಮಾಮಣಿಯವರ ಮಗಳು ಅನುಪಮಾ. ಹಾಗೇ ಬರೆಯಿರಿ ಎಂದು ಹೇಳಿದ್ದು ಅನುಪಮಾಳೇ. ಪಕ್ಕದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು. ಆ ಹೆಸರು ಕೇಳಿ ಅವಳಿಗೆ ನೋವಾಯಿತೋ ನೆಮ್ಮದಿಯಾಯಿತೋ ಕೃಪಾವತಿಗೆ ತಿಳಿಯಲಿಲ್ಲ.

ಆರಾಧನೆ ಮುಗಿದು ಜನ ಹೊರಗೆ ಬಂದರು. ಅನುಪಮಾ ದೂರದಿಂದ ಇವರನ್ನು ನೋಡಿ ಎರಡು ಹೆಜ್ಜೆ ಬಂದು ನಿಂತಳು. ಆಮೇಲೆ ಪೂರ್ತಿ ಬಂದು, "ಚಿಕ್ಕಮ್ಮ, ಬಿಸಿಲಲ್ಲಿ ನಿಂತ್ಕೋಬೇಡಿ" ಎಂದಳು. ಶೀಲಾ ಅವಳ ಕೆನ್ನೆ ಮುಟ್ಟಲು ಕೈಯೆತ್ತಿ, ಹೆಗಲ ಮೇಲೆ ಇಟ್ಟಳು. ಅಷ್ಟರಲ್ಲಿ ಯಾರೋ ಮದುಮಗಳನ್ನು ಕರೆದರು, ಅವಳು ಹೋದಳು. ರಮಾಮಣಿ ಮೆಟ್ಟಿಲ ಮೇಲೆ ಅಭಿನಂದನೆ ಹೇಳುವವರ ನಡುವೆ ಸಿಕ್ಕಿಕೊಂಡಿದ್ದಳು.

"ಕೃಪಾವತಿ ಅಂದ್ರೆ ನೀವೇನಾ?" ಎಂದು ಶೀಲಾ ಕೇಳಿದಳು.

"ಹೌದು" ಎಂದಳು ಕೃಪಾವತಿ. ಬೈಗುಳ ಬಂದರೂ ಕೇಳಿಸಿಕೊಳ್ಳಲು ತಯಾರಾಗಿಯೇ ನಿಂತಳು.

ಶೀಲಾ ಬೈಯಲಿಲ್ಲ. "ನಮ್ಮನೆಯವ್ರಿಗೆ ನಾನು ಇನ್ನೂ ಹೇಳಿಲ್ಲ. ಮದುವೆಗೆ ಅವ್ರೂ ಬರ್ತಾರೆ, ಹುಡುಗ್ರೂ ಬರ್ತಾವೆ. ಮುಂಚೇನೇ ಹೇಳ್ಬೇಕಾ? ಅಕ್ಕ ಹೇಳಿದ್ಳು, ನೀವು ಚೆನ್ನಾಗಿ ಹೇಳ್ತೀರಿ ಅಂತ."

ಸತ್ಯ ಹೇಳು ಎನ್ನುವುದಕ್ಕೆ ಕೃಪಾವತಿಯ ಹತ್ತಿರ ಹತ್ತು ಉದಾಹರಣೆಗಳಿದ್ದವು. ಕಾಯಿ ಹಣ್ಣಾಗುವವರೆಗೆ ಕಾದಿರು ಎನ್ನುವುದಕ್ಕೂ ಅಷ್ಟೇ ಇದ್ದವು. ಎರಡೂ ನಾಲಿಗೆಯ ತುದಿಗೆ ಬಂದವು. ಎದುರಿಗೆ ನಿಂತವಳ ಕಣ್ಣ ಕೆಳಗೆ ಪ್ರಯಾಣದ ಸುಸ್ತಿತ್ತು.

"ನಂಗೆ ಗೊತ್ತಿಲ್ಲ ಕಣಮ್ಮ" ಎಂದಳು ಕೃಪಾವತಿ. "ನಿಜವಾಗ್ಲೂ ಗೊತ್ತಿಲ್ಲ. ಬಸ್ಸು ಎಷ್ಟೊತ್ತಿಗೆ?"

"ನಾಲ್ಕೂವರೆಗೆ."

"ಇಲ್ಲೇ ನಮ್ಮನೆ. ಬನ್ನಿ, ಊಟ ಮಾಡ್ಕೊಂಡು ಹೋಗೀರಂತೆ. ರಮಾಮಣಿಯವರಿಗೂ ಹೇಳ್ತೀನಿ, ಜನ ಕರಗಿದ ಮೇಲೆ ಅಲ್ಲಿಗೇ ಬರ್ಲಿ."

ಮನೆಯಲ್ಲಿ ಹಿಂದಿನ ದಿನ ತಂದಿದ್ದ ಅವರೆಕಾಯಿ ಬುಟ್ಟಿಯ ತುಂಬ ಇತ್ತು. ಕೃಪಾವತಿ ಅದನ್ನು ನಡುಮನೆಯಲ್ಲಿ ಪೇಪರ್ ಹಾಸಿ ಸುರಿದಳು. ಶೀಲಾ ಕೇಳದೆಯೇ ಎದುರಿಗೆ ಕೂತು ಬಿಡಿಸತೊಡಗಿದಳು. ಹುಳುಕು ಸಿಕ್ಕರೆ ಪಕ್ಕಕ್ಕೆ ಎಸೆಯುತ್ತಾ, ಅನುಪಮಾ ಹುಟ್ಟಿದ ದಿನ ತುಂಬ ಮಳೆಯಿತ್ತು ಎಂದಳು. ಎರಡು ದಿನ ಮಾತ್ರ ತನ್ನ ಹತ್ತಿರ ಇದ್ದಳು ಎಂದಳು. ಸಿಪ್ಪೆಯ ರಾಶಿ ಬೆಳೆಯಿತು. ಬೆರಳುಗಳಿಗೆ ಸೊಗಡು ಹತ್ತಿತು. ಒಂದು ಗಂಟೆಯ ಹೊತ್ತಿಗೆ ರಮಾಮಣಿ ಬಂದಳು, ಚಪ್ಪಲಿ ಬಿಟ್ಟು ಒಳಗೆ ಬಂದು ತಂಗಿಯನ್ನು ನೋಡಿ ನಿಂತಳು. ಶೀಲಾ ಸ್ವಲ್ಪ ಸರಿದು ಜಾಗ ಕೊಟ್ಟಳು.

ಕೃಪಾವತಿ ಸಾರಿಗೆ ಇಡಲು ಅಡುಗೆಮನೆಗೆ ಎದ್ದುಹೋದಳು.